ಪೆಟ್ಟಿಗೂ ಹೆಜ್ಜೆಗೂ ನಡುವೆ

ಒಂದು ರಾತ್ರಿಯ ಯಕ್ಷಗಾನ ಆಟ ನನ್ನ ಮೇಜಿಗೆ ಬರುವುದು ಹತ್ತು ದಿಕ್ಕಿನಿಂದ. ಮದುವೆ ಮನೆಗಳಲ್ಲಿ ವರ್ಷಗಟ್ಟಲೆ ದುಡಿದ ಕ್ಯಾಮ್‌ಕಾರ್ಡರ್ ಒಂದು, ದೇವಸ್ಥಾನದ ಸಮಿತಿಯವರು ಕೊಂಡ ಡಿಎಸ್‌ಎಲ್‌ಆರ್ ಇನ್ನೊಂದು, ರಂಗಸ್ಥಳದ ಬದಿಯಲ್ಲಿ ನಿಂತ ಹುಡುಗರ ಮೊಬೈಲು ಎರಡೋ ಮೂರೋ, ಮೈಕಿನವರ ಮಿಕ್ಸರಿನಿಂದ ನೇರ ಹಿಡಿದ ಸೌಂಡು. ಎಲ್ಲ ಸೇರಿ ಒಂದು ಹಾರ್ಡ್ ಡಿಸ್ಕಿನಲ್ಲಿ ಬಂದು ಕೂರುತ್ತದೆ. ತಂದವರ ಮಾತು ಯಾವಾಗಲೂ ಒಂದೇ: "ಎಲ್ಲ ಇದರಲ್ಲಿ ಉಂಟು, ನೀವು ಒಟ್ಟು ಸೇರಿಸಿದ್ರೆ ಆಯ್ತು."

ಮದುವೆ, ಗೃಹಪ್ರವೇಶ, ಉಪನಯನಗಳ ವಿಡಿಯೊ ಎಡಿಟ್ ಮಾಡುವುದು ನನ್ನ ಹೊಟ್ಟೆಪಾಡು. ಯಕ್ಷಗಾನದ ಕೆಲಸಕ್ಕೆ ಹಣ ಕಡಿಮೆ, ಹಿಡಿಯುವ ಹೊತ್ತು ಹೆಚ್ಚು. ಆದರೂ ಮೈಯೆಲ್ಲ ಕಣ್ಣಾಗಿ, ಕಿವಿಯಾಗಿ ಕೂರುವುದು ಅದರ ಮುಂದೆಯೇ. ಹಾರ ಹಾಕುವಾಗ ವಾಲಗದ ಸದ್ದು ಚೂರು ಹಿಂದೆಮುಂದೆ ಆದರೆ ಯಾರೂ ಕೇಳುವುದಿಲ್ಲ. ಚಂಡೆಯ ಪೆಟ್ಟು ಹೆಜ್ಜೆಯಿಂದ ಜಾರಿತೋ, ಆಟ ಕೆಟ್ಟಿತು.

ಎಡಿಟಿಂಗ್ ಎಂದರೆ ಕತ್ತರಿಸಿ ಜೋಡಿಸುವುದು ಎಂದು ಹೆಚ್ಚಿನವರು ತಿಳಿದಿದ್ದಾರೆ. ನನ್ನ ಹೊತ್ತಿನ ದೊಡ್ಡ ಪಾಲು ಹೋಗುವುದು ಕತ್ತರಿ ಮುಟ್ಟುವ ಮೊದಲು, ಬಂದ ಫೂಟೇಜ್ ಎಂಥದ್ದು ಎಂದು ತಿಳಿಯುವುದರಲ್ಲಿ. ಫೈಲಿನ ಬಾಲದಲ್ಲಿ ಎಂಪಿ4 ಅಂತಲೋ ಎಂಒವಿ ಅಂತಲೋ ಇದ್ದ ಮಾತ್ರಕ್ಕೆ ಏನೂ ತಿಳಿಯದು. ಮೇಳದ ಲಾರಿಯಿಂದ ಇಳಿಯುವ ವೇಷದ ಪೆಟ್ಟಿಗೆಗಳು ಹೊರಗಿನಿಂದ ಒಂದೇ ತರ ಇರುತ್ತವೆ. ಮುಚ್ಚಳ ತೆಗೆದರೆ ಒಂದರಲ್ಲಿ ಕಿರೀಟ, ಇನ್ನೊಂದರಲ್ಲಿ ಸ್ತ್ರೀವೇಷದ ಸೀರೆ. ಎಂಪಿ4 ಕೂಡ ಬರೀ ಪೆಟ್ಟಿಗೆ. ಒಳಗಿರುವುದು ಎಚ್.264 ಆಗಿರಬಹುದು, ಅದಕ್ಕಿಂತ ಹೆಚ್ಚು ಬಿಗಿಯಾಗಿ ಅದುಮಿದ ಎಚ್.265 ಆಗಿರಬಹುದು, ಬಣ್ಣ ಎಂಟು ಬಿಟ್‌ನದ್ದೋ ಹತ್ತರದ್ದೋ, ಸೌಂಡು 48 ಕಿಲೋಹರ್ಟ್ಸೋ 44.1 ಕಿಲೋಹರ್ಟ್ಸೋ ಆಗಿರಬಹುದು. ಇದನ್ನೆಲ್ಲ ತೆರೆದು ತೋರಿಸುವ ಮೀಡಿಯಾಇನ್ಫೋ ಎಂಬ ಪುಟ್ಟ ಉಚಿತ ತಂತ್ರಾಂಶವೊಂದಿದೆ. ಒಂದೊಂದು ಕ್ಯಾಮೆರಾದ ಒಂದೊಂದು ಕ್ಲಿಪ್ಪನ್ನು ಅದರಲ್ಲಿ ತೆರೆದು, ಕಂಡದ್ದನ್ನು ಪುಸ್ತಕದಲ್ಲಿ ಬರೆದುಕೊಂಡ ಮೇಲೆಯೇ ನಾನು ಹೊಸ ಪ್ರಾಜೆಕ್ಟ್ ತೆರೆಯುವುದು. ಕಲಿಯಲು ಬರುವ ಹುಡುಗರಿಗೆ ಇದು ಬೇಸರದ ಕೆಲಸ. ನನಗೆ ಹಾಗನ್ನಿಸುವುದಿಲ್ಲ. ಪ್ರತಿ ಫಾರ್ಮ್ಯಾಟಿನ ಹಿಂದೆಯೂ ಒಂದು ತೀರ್ಮಾನ ಇರುತ್ತದೆ: ಕಂಡದ್ದರಲ್ಲಿ ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಬಿಡುವುದು. ಆ ತೀರ್ಮಾನ ಕ್ಯಾಮೆರಾದೊಳಗೆ ಆಗಿಹೋಗಿರುತ್ತದೆ. ನನ್ನ ಕೈಗೆ ಬಂದ ಮೇಲೆ ಇನ್ನಷ್ಟು ಬಿಟ್ಟುಹೋಗದ ಹಾಗೆ ನೋಡಿಕೊಳ್ಳಬೇಕಾದರೆ, ಆಗಲೇ ಏನು ಹೋಗಿದೆ ಎಂಬುದು ಗೊತ್ತಿರಬೇಕು.

"ಇಷ್ಟು ಒಳ್ಳೆ ಕಂಪ್ಯೂಟರ್ ಉಂಟು, ಮತ್ತೆ ಯಾಕೆ ಹ್ಯಾಂಗ್ ಆಗ್ತದೆ?" ಎಂದು ಪಕ್ಕದಲ್ಲಿ ಕುಳಿತವರು ಕೇಳುತ್ತಾರೆ. ಫೈಲ್ ಪ್ಲೇಯರಿನಲ್ಲಿ ಸರಾಗವಾಗಿ ಓಡುತ್ತದೆ, ಟೈಮ್‌ಲೈನಿಗೆ ಹಾಕಿದರೆ ತಡವರಿಸುತ್ತದೆ. ಕಾರಣ ಇಷ್ಟೇ. 2003ರಲ್ಲಿ ಬಂದ ಎಚ್.264 ಆಗಲಿ, ಹತ್ತು ವರ್ಷದ ನಂತರ ಬಂದ ಎಚ್.265 ಆಗಲಿ, ಪ್ರತಿ ಚಿತ್ರವನ್ನೂ ಪೂರ್ತಿ ಬರೆದಿಡುವುದಿಲ್ಲ. ಅರ್ಧ ಸೆಕೆಂಡಿಗೋ ಒಂದು ಸೆಕೆಂಡಿಗೋ ಒಮ್ಮೆ ಒಂದು ಪೂರ್ಣ ಫ್ರೇಮ್. ನಡುವಿನವು ಹಿಂದಿನದಕ್ಕಿಂತ, ಕೆಲವೊಮ್ಮೆ ಮುಂದಿನದಕ್ಕಿಂತ, ಏನು ಬದಲಾಯಿತು ಎಂಬ ಟಿಪ್ಪಣಿ ಮಾತ್ರ. ಹಿಂದಿನ ಪರದೆ ಅಲುಗುವುದಿಲ್ಲ, ಹಿಮ್ಮೇಳದವರು ಕೂತಲ್ಲೇ ಇರುತ್ತಾರೆ, ಅದನ್ನೆಲ್ಲ ಮತ್ತೆ ಮತ್ತೆ ಯಾಕೆ ಬರೆಯಬೇಕು ಎಂಬ ಜಾಣತನ ಅದು. ಮೊದಲಿನಿಂದ ಕೊನೆಯವರೆಗೆ ನೋಡುವವನಿಗೆ ಇದರಿಂದ ತೊಂದರೆಯಿಲ್ಲ. ಎಡಿಟರ್ ನೋಡುವುದೇ ಬೇರೆ ತರ: ಹಿಂದೆ ಹೋಗುತ್ತಾನೆ, ನಡುವಿಗೆ ಹಾರುತ್ತಾನೆ, ಒಂದು ಫ್ರೇಮ್ ಮುಂದೆ ಒಂದು ಫ್ರೇಮ್ ಹಿಂದೆ ಎಂದು ಅಲ್ಲೇ ತಿರುಗುತ್ತಾನೆ. ಅವನು ಎಲ್ಲಿ ನಿಂತರೂ ಕಂಪ್ಯೂಟರ್ ಹಿಂದಿನ ಪೂರ್ಣ ಫ್ರೇಮಿಗೆ ಓಡಿ, ಅಲ್ಲಿಂದ ಟಿಪ್ಪಣಿಗಳನ್ನೆಲ್ಲ ಕೂಡಿಸಿಕೊಂಡು ಬಂದು ಆ ಒಂದು ಚಿತ್ರ ಕಟ್ಟಿಕೊಡಬೇಕು. ನಾಲ್ಕು ಕ್ಯಾಮೆರಾ ಒಟ್ಟಿಗೆ ಓಡುವಾಗ ಆ ಓಟ ನಾಲ್ಕು ಪಟ್ಟು.

ಇದೇ ಲೆಕ್ಕದ ಇನ್ನೊಂದು ಮುಖ ಪ್ರವೇಶದ ಅಬ್ಬರದಲ್ಲಿ ಕಾಣುತ್ತದೆ. ರಾಕ್ಷಸ ವೇಷ ತೆರೆ ಸರಿಸಿ ರಂಗಕ್ಕೆ ಬಂದು ಸುತ್ತು ಹೊಡೆಯುವಾಗ ಚಿತ್ರದ ಎಲ್ಲ ಭಾಗವೂ ಒಟ್ಟಿಗೆ ಬದಲಾಗುತ್ತದೆ. ಟಿಪ್ಪಣಿ ಬರೆಯಲು ಕ್ಯಾಮೆರಾಕ್ಕೆ ಇರುವ ಜಾಗ ಸಾಲುವುದಿಲ್ಲ. ಆಗ ಅದು ಒರಟಾಗಿ ಬರೆಯುತ್ತದೆ. ನಿಲ್ಲಿಸಿ ನೋಡಿದರೆ ಚೌಕ ಚೌಕವಾಗಿ ಒಡೆದ ಮುಖ. ಅರ್ಥಗಾರಿಕೆಯಲ್ಲಿ ಸುಮ್ಮನೆ ನಿಂತ ವೇಷ ಅಚ್ಚುಕಟ್ಟು, ಕುಣಿದ ವೇಷ ಒಡಕು. ಜನ ಮರುದಿನ ಮಾತಾಡಿಕೊಳ್ಳುವ ಗಳಿಗೆಯೇ ಹೀಗೆ ಒರಟಾಗಿ ಉಳಿಯುತ್ತದೆ ಎಂಬುದು ನನ್ನನ್ನು ಇವತ್ತಿಗೂ ಕಾಡುತ್ತದೆ. ಹಾಗಾಗಿ ಚಿತ್ರೀಕರಿಸುವವರಿಗೆ ಕ್ಯಾಮೆರಾದಲ್ಲಿ ಸಿಗುವ ಅತಿ ಹೆಚ್ಚಿನ ಬಿಟ್‌ರೇಟ್ ಇಟ್ಟುಕೊಳ್ಳಿ, ಇನ್ನೊಂದು ಕಾರ್ಡ್ ಬೇಕಾದರೆ ನಾನೇ ಕೊಡುತ್ತೇನೆ ಎನ್ನುತ್ತೇನೆ.

ತಡವರಿಕೆಗೆ ಮದ್ದು ಇದೆ. ಪ್ರತಿ ಫ್ರೇಮನ್ನೂ ಪೂರ್ತಿ ಬರೆದಿಡುವ ಫಾರ್ಮ್ಯಾಟಿಗೆ ಬದಲಾಯಿಸಿಕೊಳ್ಳುವುದು: ಆವಿಡ್‌ನವರು 2004ರಲ್ಲಿ ತಂದ ಡಿಎನ್‌ಎಕ್ಸ್‌ಎಚ್‌ಡಿ, ಆಪಲ್‌ನವರು 2007ರಲ್ಲಿ ತಂದ ಪ್ರೋರೆಸ್ ಈ ಜಾತಿಯವು. ಆದರೆ 25 ಫ್ರೇಮಿನ ಫುಲ್ ಎಚ್‌ಡಿ ಚಿತ್ರ ಪ್ರೋರೆಸ್ 422ರಲ್ಲಿ ಗಂಟೆಗೆ ಸುಮಾರು 55 ಜಿಬಿ ತಿನ್ನುತ್ತದೆ. ಕಾಲಮಿತಿಯ ಆಟಕ್ಕೆ ಹೇಗೋ ಸುಧಾರಿಸಬಹುದು. ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗಿನ ಹರಕೆ ಆಟಕ್ಕೆ ಒಂದು ಕ್ಯಾಮೆರಾಕ್ಕೇ ಹತ್ತಿರ ಹತ್ತಿರ 500 ಜಿಬಿ ಆಯಿತು. ನಾನು ಹಿಡಿಯುವ ದಾರಿ ಪ್ರಾಕ್ಸಿ. ಮೂಲವನ್ನು ಮುಟ್ಟದೆ, ಕೆಲಸಕ್ಕೆ ಮಾತ್ರ ಹಗುರಾದ ಪ್ರತಿ ಮಾಡಿಕೊಂಡು ಅದರ ಮೇಲೆ ಕತ್ತರಿಸುವುದು. ಕೊನೆಗೆ ರೆಂಡರ್ ಮಾಡುವಾಗ ಸಾಫ್ಟ್‌ವೇರ್ ಮೂಲಕ್ಕೆ ಹಿಂದಿರುಗುತ್ತದೆ. ಪ್ರೋರೆಸ್‌ನ ಪ್ರಾಕ್ಸಿ ಬಗೆಗೆ ಮೂರರಲ್ಲಿ ಒಂದು ಪಾಲಿಗೂ ಕಡಿಮೆ ಜಾಗ ಸಾಕು. ಪ್ರಾಕ್ಸಿಯ ಫ್ರೇಮ್ ಲೆಕ್ಕ, ಹೆಸರು, ಸೌಂಡಿನ ಚಾನೆಲ್‌ಗಳ ಸಂಖ್ಯೆ ಮೂರೂ ಮೂಲಕ್ಕೆ ಸರಿಹೊಂದಿರಲಿ. ಒಂದು ತಪ್ಪಿದರೂ ಮರಳಿ ಕಟ್ಟುವಾಗ ಪದ್ಯ ಒಂದು ಕಡೆ, ಕುಣಿತ ಇನ್ನೊಂದು ಕಡೆ.

ಕಾಲದ ವಿಷಯ ಇದಕ್ಕಿಂತ ಗಂಭೀರ.

ನಮ್ಮಲ್ಲಿ ವಿದ್ಯುತ್ತು ಸೆಕೆಂಡಿಗೆ 50 ಆವರ್ತ, ಟಿವಿ ಸೆಕೆಂಡಿಗೆ 25 ಫ್ರೇಮ್. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ದೂರದರ್ಶನಕ್ಕೆ ಬಣ್ಣ ಬಂದಾಗ ಆರಿಸಿಕೊಂಡ ಪಾಲ್ ಪದ್ಧತಿಯ ಲೆಕ್ಕ ಅದು. ಅಮೆರಿಕದ್ದು 60 ಆವರ್ತ, 30 ಫ್ರೇಮ್. 1953ರಲ್ಲಿ ಬಣ್ಣದ ಸಂಕೇತ ಸೌಂಡಿನ ಸಂಕೇತಕ್ಕೆ ಅಡ್ಡ ಬಾರದಿರಲೆಂದು ಅದನ್ನೂ ಚೂರು ತಗ್ಗಿಸಿ 29.97 ಮಾಡಿಕೊಂಡರು. ನಮ್ಮೂರಿನ ಹುಡುಗರ ಕೈಯಲ್ಲಿರುವ ಮೊಬೈಲುಗಳು ಹೆಚ್ಚಾಗಿ ಆ 30ರ ಲೆಕ್ಕಕ್ಕೇ ಹೊಂದಿಸಿಕೊಂಡು ಬಂದಿರುತ್ತವೆ. ಎಪ್ಪತ್ತು ವರ್ಷದ ಹಿಂದೆ ಬೇರೊಂದು ದೇಶದ ಟಿವಿಗಾಗಿ ಮಾಡಿದ ತೀರ್ಮಾನ ಬಯಲಿನ ರಂಗಸ್ಥಳದವರೆಗೆ ಬಂದು ಮುಟ್ಟುತ್ತದೆ. ಟ್ಯೂಬ್‌ಲೈಟ್ ನಮ್ಮ ಕಣ್ಣಿಗೆ ಸ್ಥಿರವಾಗಿ ಕಂಡರೂ ಸೆಕೆಂಡಿಗೆ ನೂರು ಸಲ ಏರಿ ಇಳಿಯುತ್ತದೆ. ಕ್ಯಾಮೆರಾದ ಶಟರ್ 1/50 ಅಥವಾ 1/100 ಇದ್ದರೆ ಪ್ರತಿ ಫ್ರೇಮಿಗೂ ಪೂರ್ತಿ ಏರಿಳಿತಗಳು ಸಿಗುತ್ತವೆ. 30 ಫ್ರೇಮಿನ ಮೊಬೈಲಿನಲ್ಲಿ 1/60ಕ್ಕೆ ಇಟ್ಟರೆ ಒಂದು ಫ್ರೇಮಿಗೆ ಹೆಚ್ಚು ಬೆಳಕು, ಇನ್ನೊಂದಕ್ಕೆ ಕಡಿಮೆ. ಇಡೀ ಚಿತ್ರ ಮಿಡಿಯತೊಡಗುತ್ತದೆ. ಚೌಕಿಯಲ್ಲಿ ವೇಷ ಕಟ್ಟುವಾಗ ತೆಗೆದ ಎಷ್ಟೋ ಒಳ್ಳೆಯ ದೃಶ್ಯಗಳು ಈ ಮಿಡಿತದಿಂದಲೇ ಹಾಳಾಗಿ ನನ್ನ ಹತ್ತಿರ ಬಂದಿವೆ. ಎಡಿಟಿಂಗಿನಲ್ಲಿ ಅದನ್ನು ತಗ್ಗಿಸಬಹುದು, ಪೂರ್ತಿ ತೆಗೆಯುವುದು ಕಷ್ಟ.

30ರ ದೃಶ್ಯವನ್ನು 25ರ ಟೈಮ್‌ಲೈನಿಗೆ ಹಾಕಿದರೆ ಸಾಫ್ಟ್‌ವೇರ್ ತಾನಾಗಿಯೇ ಆರರಲ್ಲಿ ಒಂದು ಫ್ರೇಮನ್ನು ಎಸೆಯುತ್ತದೆ. ಮಾತಾಡುವ ಮನುಷ್ಯನಲ್ಲಿ ಇದು ಕಾಣುವುದಿಲ್ಲ. ತೆಂಕುತಿಟ್ಟಿನ ದಿಗಿಣದಲ್ಲಿ ಕಾಣುತ್ತದೆ. ಗಾಳಿಯಲ್ಲಿ ತಿರುಗುವ ದೇಹ ಒಂದು ಕಡೆ ಮುಗ್ಗರಿಸಿದ ಹಾಗೆ ಆಗುತ್ತದೆ, ಕಲಾವಿದ ಮಾಡದ ತಪ್ಪು ಅವನ ಮೇಲೆ ಬರುತ್ತದೆ. ಬಡಗುತಿಟ್ಟಿನವರು ಮಂಡಿಯಲ್ಲಿ ಸುತ್ತುವಾಗಲೂ ಹಾಗೆಯೇ. ಪಕ್ಕದ ಫ್ರೇಮುಗಳನ್ನು ಬೆರೆಸಿ ನಯ ಮಾಡುವ ಆಯ್ಕೆ ಸಾಫ್ಟ್‌ವೇರಿನಲ್ಲಿ ಇದೆ; ಬೆರೆಸಿದಾಗ ಕೈ ಎರಡೆರಡಾಗಿ ಕಾಣುತ್ತದೆ. ಇಂಥ ಕಡೆ ನಾನು ಮೊಬೈಲಿನ ದೃಶ್ಯ ಬಿಟ್ಟು, ದೂರದಲ್ಲಿದ್ದರೂ 25ರಲ್ಲಿ ತೆಗೆದ ಕ್ಯಾಮೆರಾವನ್ನೇ ಆರಿಸಿಕೊಳ್ಳುತ್ತೇನೆ. ಹತ್ತಿರದ ಚಿತ್ರಕ್ಕಿಂತ ಮುರಿಯದ ಸುತ್ತು ಮುಖ್ಯ.

ಮೊಬೈಲಿನದ್ದು ಇನ್ನೂ ಒಂದು ಕಷ್ಟ ಇದೆ. 30 ಎಂದು ಬರೆದುಕೊಂಡರೂ ಅದು ಸದಾ 30 ಇರುವುದಿಲ್ಲ. ಬೆಳಕು ಕಡಿಮೆಯಾದಾಗ ಪ್ರತಿ ಫ್ರೇಮಿಗೆ ಹೆಚ್ಚು ಹೊತ್ತು ಕೊಡಲು ಎಷ್ಟೋ ಮೊಬೈಲುಗಳು ಸಂಖ್ಯೆಯನ್ನು ಇಳಿಸುತ್ತವೆ, ಬೆಳಕು ಬಂದಾಗ ಏರಿಸುತ್ತವೆ. ಬದಲಾಗುವ ಈ ವೇಗವನ್ನು ಪ್ಲೇಯರ್ ಸರಿಯಾಗಿ ಅನುಸರಿಸುತ್ತದೆ. ಎಡಿಟಿಂಗ್ ಸಾಫ್ಟ್‌ವೇರಿನ ಟೈಮ್‌ಲೈನ್ ಮಾತ್ರ ಸಮವಾದ ಹೆಜ್ಜೆಯನ್ನೇ ನಂಬಿದೆ. ಮೊದಲ ನಿಮಿಷ ಎಲ್ಲ ಸರಿ ಇರುತ್ತದೆ. ಹೊತ್ತು ಹೋದ ಹಾಗೆ ತುಟಿ ಮುಂದೆ, ಮಾತು ಹಿಂದೆ.

ಜೋಡಿಸಿದ್ದು ಮುಗಿಯಿತು ಎನ್ನುವ ಮೊದಲು ತಿಳಿದವರ ಕಿವಿಗೆ ಒಮ್ಮೆ ಹಾಕುವುದು ನನ್ನ ಪದ್ಧತಿ. ಹೀಗೆ ಒಂದು ಸಂಜೆ ಹಿರಿಯ ಭಾಗವತರೊಬ್ಬರು ಬಂದು ಕುಳಿತಿದ್ದರು. ಕಂಪ್ಯೂಟರ್ ಮುಟ್ಟಿ ಗೊತ್ತಿಲ್ಲದವರು. ಸ್ಕ್ರೀನ್ ನೋಡುತ್ತಾ ಬೆರಳಲ್ಲಿ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಯುದ್ಧದ ಪದ, ಏರು ಲಯ. ದೂರದ ಕ್ಯಾಮೆರಾದಿಂದ ಹತ್ತಿರದ ಮೊಬೈಲಿಗೆ ದೃಶ್ಯ ಬದಲಾಯಿತು. ಅವರ ಬೆರಳು ನಿಂತಿತು.

"ಇಲ್ಲಿ ಎಂತದೋ ಆಗಿದೆ ಮಾರಾಯ್ರೇ. ಕಾಲು ಮೊದಲು ಬಿತ್ತು, ಪೆಟ್ಟು ಹಿಂದೆ ಬಂತು."

ಒಂದೊಂದೇ ಫ್ರೇಮ್ ಸರಿಸಿ ನೋಡಿದೆ. ಹಿಮ್ಮಡಿ ನೆಲ ಮುಟ್ಟುವ ಫ್ರೇಮಿಗೂ ಸೌಂಡಿನ ಗೆರೆಯಲ್ಲಿ ಪೆಟ್ಟಿನ ತುದಿ ಎದ್ದು ನಿಲ್ಲುವ ಜಾಗಕ್ಕೂ ನಡುವೆ ಮೂರು ಫ್ರೇಮ್. ಎಂದರೆ ಸೆಕೆಂಡಿನ ನೂರರಲ್ಲಿ ಹನ್ನೆರಡು ಪಾಲು. ಅಷ್ಟು ಸಣ್ಣ ಅಂತರವನ್ನು ಹಿಡಿದದ್ದು ಯಾವ ಯಂತ್ರವೂ ಅಲ್ಲ, ಜೀವಮಾನವಿಡೀ ಚಂಡೆ ಮದ್ದಳೆಗಳ ನಡುವೆ ಕುಳಿತು ಹಾಡಿದ ಒಬ್ಬರ ಕಿವಿ. ಆ ಕಿವಿಗೆ ಸಲ್ಲುವ ಕೆಲಸ ಮಾಡಬೇಕು ಎಂಬುದಷ್ಟೇ ನನ್ನ ಆಸೆ. ಮೊಬೈಲಿನಿಂದ ಬಂದ ಎಲ್ಲವನ್ನೂ ಮೊದಲು ಸಮವೇಗಕ್ಕೆ ಬದಲಾಯಿಸಿಕೊಂಡೇ ಟೈಮ್‌ಲೈನಿಗೆ ತರಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಆ ಕೆಲಸಕ್ಕೆ ಹ್ಯಾಂಡ್‌ಬ್ರೇಕ್ ಸಾಕು. ಫ್ಯಾಬ್ರಿಸ್ ಬೆಲ್ಲಾರ್ ಎಂಬ ಫ್ರೆಂಚ್ ಪ್ರೋಗ್ರಾಮರ್ 2000ದಲ್ಲಿ ಶುರು ಮಾಡಿದ ಎಫ್‌ಎಫ್‌ಎಂಪೆಗ್ ಇನ್ನೂ ಒಳ್ಳೆಯದು. ಕಪ್ಪು ಕಿಟಕಿಯಲ್ಲಿ ಒಂದು ಸಾಲು ಟೈಪ್ ಮಾಡಿದರೆ ಇಡೀ ಫೋಲ್ಡರನ್ನು ರಾತ್ರಿ ಕಳೆಯುವುದರೊಳಗೆ ಮುಗಿಸಿ ಕೊಡುತ್ತದೆ.

ಎಲ್ಲ ಸಮವೇಗಕ್ಕೆ ಬಂದರೂ ಸೌಂಡು ಜಾರಬಹುದು. ಮಿಕ್ಸರಿನ ರೆಕಾರ್ಡರಿಗೂ ಕ್ಯಾಮೆರಾಕ್ಕೂ ಒಳಗೆ ಅವುಗಳದ್ದೇ ಗಡಿಯಾರ. ಎರಡರ ನಡುವೆ ಲಕ್ಷಕ್ಕೆ ಐದು ಪಾಲು ವ್ಯತ್ಯಾಸ ಇದ್ದರೂ ಗಂಟೆಗೆ 0.18 ಸೆಕೆಂಡ್ ಆಯಿತು, ನಾಲ್ಕೂವರೆ ಫ್ರೇಮ್. ಆಟ ಶುರುವಾಗುವ ಸಭಾಲಕ್ಷಣದಲ್ಲಿ ಕೂಡಿಸಿಟ್ಟದ್ದು ನಡುರಾತ್ರಿಯ ಹೊತ್ತಿಗೆ ಬೇರೆಯಾಗಿರುತ್ತದೆ. ಅದಕ್ಕೆ ನಾನು ಒಂದು ಕಡೆ ಮಾತ್ರ ಕೂಡಿಸಿ ಬಿಡುವುದಿಲ್ಲ. ಆಟದಲ್ಲಿ ಕ್ಲ್ಯಾಪ್ ಬೋರ್ಡ್ ಯಾರೂ ಹೊಡೆಯುವುದಿಲ್ಲ, ಬೇಕಾಗಿಯೂ ಇಲ್ಲ. ಪ್ರತಿ ಪ್ರವೇಶಕ್ಕೂ ಚಂಡೆಯ ಮೊದಲ ಪೆಟ್ಟು ಇದೆಯಲ್ಲ! ಎಲ್ಲ ಕ್ಯಾಮೆರಾಗಳ ಮೈಕಿಗೂ ಅದು ಚೂಪಾಗಿ ಬಿದ್ದಿರುತ್ತದೆ. ಅಲ್ಲಿ ಕತ್ತರಿಸಿ ಮತ್ತೆ ಕೂಡಿಸುತ್ತೇನೆ. ಸೌಂಡನ್ನು ಎಳೆದು ಕುಗ್ಗಿಸುವುದು ನನಗೆ ಒಗ್ಗದು. ಶ್ರುತಿ ಕೆಡುವ ಭಯ.

ಬಣ್ಣದ ಬಗ್ಗೆ ಹೇಳದೆ ಇರಲಾರೆ. ಬೆಳಕಿನ ಏರಿಳಿತದಷ್ಟು ಸೂಕ್ಷ್ಮವಾಗಿ ಬಣ್ಣದ ಏರಿಳಿತ ಕಣ್ಣಿಗೆ ಕಾಣುವುದಿಲ್ಲ ಎಂಬ ನಂಬಿಕೆಯಲ್ಲಿ ಹೆಚ್ಚಿನ ಕ್ಯಾಮೆರಾಗಳು ಪ್ರತಿ ಚುಕ್ಕಿಯ ಬೆಳಕನ್ನು ಬರೆದು, ಬಣ್ಣವನ್ನು ನಾಲ್ಕು ಚುಕ್ಕಿಗೆ ಒಂದರಂತೆ ಬರೆಯುತ್ತವೆ. ಇದಕ್ಕೆ 4:2:0 ಎನ್ನುತ್ತಾರೆ. ಎಚ್‌ಡಿ ವಿಡಿಯೊದಲ್ಲಿ ಬೆಳಕಿನ ಲೆಕ್ಕಕ್ಕೆ ಹಸಿರು ಕೊಡುವ ಪಾಲು ಶೇ. 71ಕ್ಕೂ ಹೆಚ್ಚು, ಕೆಂಪಿನದು ಶೇ. 21 ಚಿಲ್ಲರೆ. ಹಸಿರಿನ ವಿವರ ಬೆಳಕಿನ ಜತೆ ಹೇಗೋ ಉಳಿದುಕೊಳ್ಳುತ್ತದೆ. ಕೆಂಪು ಹೆಚ್ಚಾಗಿ ಬಣ್ಣದ ಪಾಲನ್ನೇ ನಂಬಿಕೊಂಡಿದೆ, ಆ ಪಾಲು ಕಾಲು ಭಾಗಕ್ಕೆ ಇಳಿದಿದೆ. ಯಕ್ಷಗಾನದಲ್ಲಿ ಕೆಂಪು ಎಷ್ಟಿದೆ ಎಂದು ನೋಡಿದವರಿಗೆ ಹೇಳಬೇಕಾಗಿಲ್ಲ. ಬಣ್ಣದ ವೇಷದ ಮುಖವನ್ನು ದೊಡ್ಡದು ಮಾಡಿ ನೋಡಿದರೆ ಚುಟ್ಟಿಯ ಬಿಳಿ ಮುಳ್ಳುಗಳು ಒಂದೊಂದಾಗಿ ಎಣಿಸುವ ಹಾಗೆ ಇರುತ್ತವೆ. ಅವುಗಳ ಪಕ್ಕದ ಕೆಂಪು ಮಾತ್ರ ಗೆರೆ ಮೀರಿ ಕಪ್ಪಿನ ಮೇಲೆ ಹರಿದಿರುತ್ತದೆ. ಗಂಟೆಗಟ್ಟಲೆ ಚೌಕಿಯಲ್ಲಿ ಕುಳಿತು ಕೂದಲೆಳೆಯಷ್ಟು ತೆಳ್ಳಗೆ ಎಳೆದ ಗೆರೆ ಅದು.

ಹೋದದ್ದನ್ನು ನಾನು ತರಲಾರೆ. ಇನ್ನೊಮ್ಮೆ ಹೋಗದಂತೆ ನೋಡಿಕೊಳ್ಳಬಲ್ಲೆ. ಎಚ್.264ನಿಂದ ಎಚ್.264ಗೆ, ಅಲ್ಲಿಂದ ಯೂಟ್ಯೂಬಿಗೆ, ಅಲ್ಲಿಂದ ಇಳಿಸಿಕೊಂಡು ವಾಟ್ಸಾಪಿಗೆ ಎಂದು ಪ್ರತಿ ಮೆಟ್ಟಿಲಲ್ಲೂ ಕೆಂಪು ಇನ್ನಷ್ಟು ಕದಡುತ್ತದೆ. ವಾಟ್ಸಾಪಿನಲ್ಲಿ ಕಳಿಸಲೇಬೇಕಾದರೆ ವಿಡಿಯೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ, ಆಗ ಅದುಮುವುದಿಲ್ಲ ಎಂದು ಎಲ್ಲರಿಗೂ ಹೇಳುತ್ತೇನೆ. 2020ರ ಐಫೋನ್ 12ರಿಂದ ಈಚೆಗೆ ಎಚ್‌ಡಿಆರ್ ವಿಡಿಯೊ ಬರತೊಡಗಿತು. ಅದನ್ನು ಮಾಮೂಲಿ ಟೈಮ್‌ಲೈನಿಗೆ ಹಾಗೇ ಎಳೆದರೆ ಕಿರೀಟದ ಚಿನ್ನದ ಬಣ್ಣ ಸುಣ್ಣದ ಹಾಗೆ ಬೆಳ್ಳಗಾಗುತ್ತದೆ. ಆ ಕ್ಲಿಪ್ಪಿನ ಬಣ್ಣದ ವ್ಯಾಪ್ತಿ ಯಾವುದೆಂದು ಸಾಫ್ಟ್‌ವೇರಿಗೆ ತಿಳಿಸಿ ಇಳಿಸಿಕೊಂಡರೆ ಮರಳಿ ಬರುತ್ತದೆ.

ಹಳೆಯ ಕ್ಯಾಸೆಟ್ಟುಗಳ ಕೆಲಸ ಬಂದಾಗ ನನ್ನ ಮನಸ್ಸು ಬೇರೆಯೇ ಆಗುತ್ತದೆ. ಮಿನಿಡಿವಿ ಟೇಪಿನಲ್ಲಿ ಸೆಕೆಂಡಿಗೆ 25 ಮೆಗಾಬಿಟ್‌ನ ದತ್ತಾಂಶ ಇದೆ, ಗಂಟೆಗೆ ಸುಮಾರು 13 ಜಿಬಿ. ಫೈರ್‌ವೈರ್ ತಂತಿಯಲ್ಲಿ ತೆಗೆದರೆ ಟೇಪಿನಲ್ಲಿ ಇದ್ದದ್ದು ಇದ್ದ ಹಾಗೆ ಬರುತ್ತದೆ. ಆದರೆ ಒಂದು ಕಾಲದಲ್ಲಿ ಮನೆ ಮನೆಗಳಲ್ಲಿ ಟೇಪನ್ನು ಡಿವಿಡಿ ಮಾಡಿಸಿ, ಇನ್ನು ಇದು ಯಾಕೆ ಎಂದು ಟೇಪನ್ನು ಎಸೆದರು. ಡಿವಿಡಿಯ ಚಿತ್ರಕ್ಕೆ ಇರುವ ಮಿತಿ ಸೆಕೆಂಡಿಗೆ 9.8 ಮೆಗಾಬಿಟ್, ಒಂದೇ ಡಿಸ್ಕಿಗೆ ಮೂರು ನಾಲ್ಕು ಗಂಟೆ ತುಂಬಿಸಿದವರು ಅದಕ್ಕಿಂತ ಎಷ್ಟೋ ಕೆಳಗೆ ಇಳಿಸಿದ್ದಾರೆ. ಈಗ ಇಲ್ಲದ ಕಲಾವಿದರ ಕುಣಿತ ಉಳಿದಿರುವುದು ಆ ಡಿವಿಡಿಗಳ ಒಂದು ಗಿಗಾಬೈಟಿನ ವಿಒಬಿ ತುಂಡುಗಳಲ್ಲಿ ಮಾತ್ರ ಎಂದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅದೂ ಎರಡು ಅರೆಗಳಲ್ಲಿ ಹೆಣೆದ ಚಿತ್ರ: ಸಮ ಗೆರೆಗಳು ಒಂದು ಗಳಿಗೆಯವು, ಬೆಸ ಗೆರೆಗಳು ಐವತ್ತನೇ ಒಂದು ಸೆಕೆಂಡಿನ ಆಚೆಯವು. ಡಿವಿಯಲ್ಲಿ ಕೆಳಗಿನ ಅರೆ ಮೊದಲು, ಎಚ್‌ಡಿಯಲ್ಲಿ ಮೇಲಿನದು ಮೊದಲು. ಸಾಫ್ಟ್‌ವೇರ್ ತಲೆಕೆಳಗಾಗಿ ಊಹಿಸಿದರೆ ಪ್ರತಿ ಹೆಜ್ಜೆಯೂ ಮುಂದಿಟ್ಟು ಹಿಂದೆಗೆದಂತೆ ನಡುಗುತ್ತದೆ. ಸರಿಯಾಗಿ ಹೇಳಿದರೆ, ಎರಡೂ ಅರೆಗಳನ್ನು ಬಿಡಿಸಿ ಸೆಕೆಂಡಿಗೆ 50 ಚಿತ್ರ ಮಾಡಬಹುದು. ಆಗ ಆ ಹಳೆಯ ಕುಣಿತ ಇವತ್ತಿನ 25 ಫ್ರೇಮಿನ ಕ್ಯಾಮೆರಾಕ್ಕಿಂತ ನಯವಾಗಿ ಓಡುತ್ತದೆ! ಸಿನಿಮಾದ ಹಾಗೆ ಕಾಣಲಿ ಎಂದು ಅದನ್ನು 25ಕ್ಕೆ ಇಳಿಸುವವರನ್ನು ನಾನು ಒಪ್ಪುವುದಿಲ್ಲ. ಆ ದಿನದ ಕ್ಯಾಮೆರಾ ಹಿಡಿದುಕೊಟ್ಟ ಅರ್ಧದಷ್ಟು ಚಲನೆಯನ್ನು ಅಂದಕ್ಕಾಗಿ ಎಸೆದಂತೆ ಆಯಿತು.

ಕಾರ್ಡಿನಿಂದ ಕಾಪಿ ಮಾಡುವ ಬಗ್ಗೆ ಒಂದೆರಡು ಮಾತು ಸಾಕು. ಕ್ಯಾಮ್‌ಕಾರ್ಡರುಗಳ ಎವಿಸಿಎಚ್‌ಡಿ ಫಾರ್ಮ್ಯಾಟ್ ಉದ್ದದ ದೃಶ್ಯವನ್ನು ತುಂಡು ತುಂಡಾಗಿ ಬರೆಯುತ್ತದೆ, ಕಾರ್ಡಿನ ಹಳೆಯ ವ್ಯವಸ್ಥೆಯಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ. ಯಾವ ತುಂಡಿನ ನಂತರ ಯಾವುದು ಎಂಬ ಮಾಹಿತಿ ಬೇರೆ ಫೋಲ್ಡರಿನಲ್ಲಿರುತ್ತದೆ. ವಿಡಿಯೊ ಫೈಲುಗಳನ್ನಷ್ಟೇ ಆರಿಸಿ ತಂದರೆ ಎರಡು ತುಂಡುಗಳ ಸಂದಿನಲ್ಲಿ ಸೌಂಡು ಚಕ್ಕನೆ ಹಾರುತ್ತದೆ, ಅದು ಬರುವುದೂ ಪದ್ಯದ ನಡುವೆಯೇ. ಇಡೀ ಕಾರ್ಡನ್ನು ಇದ್ದ ಹಾಗೆ ತನ್ನಿ. ಎರಡು ಕಡೆ ಪ್ರತಿ ಆಗುವವರೆಗೆ ಫಾರ್ಮ್ಯಾಟ್ ಮಾಡಬೇಡಿ.

ಸಾಫ್ಟ್‌ವೇರ್ ಯಾವುದು ಒಳ್ಳೆಯದು ಎಂಬ ಚರ್ಚೆಯಲ್ಲಿ ನನಗೆ ಆಸಕ್ತಿ ಕಡಿಮೆ. ಮದುವೆ ವಿಡಿಯೊ ಮಾಡುವ ನಮ್ಮವರಲ್ಲಿ ಎಡಿಯಸ್‌ಗೆ ಒಗ್ಗಿದವರು ಬಹಳ, ಹೊಸಬರು ಪ್ರೀಮಿಯರ್, ಡಾವಿಂಚಿ ರಿಸಾಲ್ವ್ ಹಿಡಿದಿದ್ದಾರೆ. ಯಾವುದನ್ನೇ ಹಿಡಿದರೂ ಪ್ರಾಜೆಕ್ಟ್ ಫೈಲನ್ನು ಶಾಶ್ವತ ಎಂದು ನಂಬುವಂತಿಲ್ಲ. 2011ರಲ್ಲಿ ಫೈನಲ್ ಕಟ್ ಪ್ರೊ ಹತ್ತನೆಯ ಅವತಾರದಲ್ಲಿ ಬಂದಾಗ ಏಳನೆಯದರಲ್ಲಿ ಮಾಡಿದ ಪ್ರಾಜೆಕ್ಟುಗಳು ಅದರಲ್ಲಿ ನೇರವಾಗಿ ತೆರೆಯಲಿಲ್ಲ. ಹಾಗಾಗಿ ಕೆಲಸ ಮುಗಿದಾಗ ನಾನು ಮೂಲ ಕಾರ್ಡುಗಳ ಪ್ರತಿ, ಮಿಕ್ಸರಿನ ಸೌಂಡು, ಕಡಿಮೆ ಅದುಮಿದ ಒಂದು ಮಾಸ್ಟರ್, ಜತೆಗೆ ಯಾವ ಕ್ಯಾಮೆರಾ ಯಾವ ಲೆಕ್ಕದಲ್ಲಿತ್ತು ಎಂದು ಬರೆದ ಒಂದು ಹಾಳೆ, ಇಷ್ಟನ್ನು ಒಂದೇ ಫೋಲ್ಡರಿನಲ್ಲಿ ಇಟ್ಟು ಮೇಳದವರಿಗೂ ಒಂದು ಪ್ರತಿ ಕೊಡುತ್ತೇನೆ.

ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ಮಳೆಗಾಲದಲ್ಲಿ ಚಿತ್ರೀಕರಿಸುವ ಹುಡುಗರನ್ನು ಕರೆದು ಕೂರಿಸಿಕೊಳ್ಳುತ್ತೇನೆ. ಐಫೋನ್ ಇದ್ದವರಿಗೆ ಕ್ಯಾಮೆರಾ ಸೆಟ್ಟಿಂಗಿನಲ್ಲಿ ಪಾಲ್ ಫಾರ್ಮ್ಯಾಟ್ ತೋರಿಸುವ ಆಯ್ಕೆ ಆನ್ ಮಾಡಿ 25 ಇಡಲು, ಎಚ್‌ಡಿಆರ್ ಆಫ್ ಮಾಡಲು ಹೇಳಿಕೊಡುತ್ತೇನೆ. ಉಳಿದವರಿಗೆ ಶಟರ್, ಫ್ರೇಮ್ ಎರಡನ್ನೂ ಕೈಯಲ್ಲಿ ಹೊಂದಿಸುವ ಆ್ಯಪ್ ಹಾಕಿಸುತ್ತೇನೆ. ಬ್ಲ್ಯಾಕ್‌ಮ್ಯಾಜಿಕ್‌ನವರ ಕ್ಯಾಮೆರಾ ಆ್ಯಪ್ ಉಚಿತವಾಗಿಯೇ ಸಿಗುತ್ತದೆ. ಹೋದ ಸಲ ಅವರಲ್ಲಿ ಒಬ್ಬ ಕೇಳಿದ: "ಅಣ್ಣ, 25 ಇಟ್ಟೆ, 1/50 ಇಟ್ಟೆ, ಆದ್ರೂ ಹಿಂದಿನ ಎಲ್‌ಇಡಿ ಪರದೆಯಲ್ಲಿ ಪಟ್ಟೆ ಪಟ್ಟೆ ಓಡ್ತಾ ಉಂಟಲ್ಲ, ಅದಕ್ಕೆಂತ ಮಾಡುದು?" ಸರಿಯಾದ ಪ್ರಶ್ನೆ. ಎಲ್‌ಇಡಿ ಪರದೆ ಮಿನುಗುವುದು ವಿದ್ಯುತ್ತಿನ ಲೆಕ್ಕದಲ್ಲಲ್ಲ, ಅದರದ್ದೇ ವೇಗದಲ್ಲಿ. ಒಂದೊಂದು ಪರದೆಯದ್ದೂ ಒಂದೊಂದು ತರ. ಶಟರನ್ನು ಸಣ್ಣ ಸಣ್ಣ ಹೆಜ್ಜೆಯಲ್ಲಿ ಸರಿಸುತ್ತಾ ಪಟ್ಟೆ ನಿಲ್ಲುವ ಜಾಗ ಅಲ್ಲೇ ಹುಡುಕಬೇಕು. ಈ ಸಲದ ಮೊದಲ ಆಟಕ್ಕೆ ಹಗಲಲ್ಲೇ ಹೋಗಿ, ಲೈಟಿನವರಿಂದ ಪರದೆ ಹಚ್ಚಿಸಿ, ಅವನನ್ನೂ ಜತೆಗೆ ನಿಲ್ಲಿಸಿಕೊಂಡು ನೋಡುತ್ತೇನೆ ಎಂದಿದ್ದೇನೆ.